ಮಾವನವರ ದಿಂಡಿನ ಚಿಲುಮೆ

ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಮಾವನವರು ಮಾರಿಕಣಿವೆಯ ನಾಲೆ ಕೆಲಸ ಮುಗಿಸಿ ಬಂದು, ಟ್ರಾನ್ಸಿಸ್ಟರ್ ಹಾಕಿ, ಜಗಲಿಯ ಮೇಲೆ ಚಿಲುಮೆ ಹಚ್ಚಿದ್ದರು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ಒಣಗಿಸಿ, ಕೊರೆದು, ಜೊಂಡಿನ ಕೊಳವೆ ಸಿಕ್ಕಿಸಿ ತಾವೇ ಮಾಡಿಕೊಂಡಿದ್ದು. ಹೊಸ ಚಿಲುಮೆಗೆ ಮೊದಮೊದಲು ಚಿಟಿಕೆ ಹೊಗೆಸೊಪ್ಪು ಮಾತ್ರ ತುಂಬುತ್ತಿದ್ದರು. ಒಳಗೆ ಕರಿ ಕಟ್ಟಿದರೇ ದಿಂಡು ಸುಡದೆ ಬಾಳುತ್ತದೆ. ಸೇದಿದ ಮೇಲೆ ಕೋಳಿಪುಕ್ಕದಿಂದ ಕೊಳವೆ ಒರೆಸಿ, "ಅದೂ ದಣಿದೈತೆ, ಮಲಗ್ಲಿ" ಎಂದು ಗೂಡಿನಲ್ಲಿಡುತ್ತಿದ್ದರು. ನೀರು ಮಾತ್ರ ಸೋಕಿಸುತ್ತಿರಲಿಲ್ಲ.

ನನ್ನ ಮೈದುನನ ಹೆಂಡತಿ ಮದುವೆಯಾಗಿ ಬಂದ ವರ್ಷ, ದೀಪಾವಳಿಗೆಂದು ಹಿತ್ತಾಳೆ ದೀಪಗಳ ಜೊತೆ ಆ ಚಿಲುಮೆಗೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. ಕಟ್ಟಿದ್ದ ಕರಿಯೆಲ್ಲ ಹೋಗಿ, ದಿಂಡು ಮೆತ್ತಗಾಗಿ ಸೀಳಿಹೋಯಿತು.

"ಏನವ್ವ, ನಿಮ್ಮೂರಾಗೆ ಚಿಲುಮೆನೂ ತೊಳಿತಾರಾ?" ಎಂದು ಅತ್ತೆ ದನಿ ಏರಿಸಿದರು. ಹುಡುಗಿ ಒಲೆಯ ಮುಂದೆ ಅಳುತ್ತ ನಿಂತಳು.

ಮಾವನವರು ಸೀಳಿದ ಚಿಲುಮೆಯನ್ನು ಮೂಸಿ ನೋಡಿದರು.

"ನೀನು ಸುಮ್ನಿರೇ. ಹಬ್ಬಕ್ಕೆ ನಾವೆಲ್ಲಾ ಎಣ್ಣೆನೀರು ಹಾಕ್ಕಳಲ್ವಾ? ಇದಕ್ಕೂ ಆತು. ಬಾರವ್ವ, ಕಣದಾಗೆ ಒಂದು ಒಳ್ಳೆ ದಿಂಡು ಹುಡುಕಾಣ."

ಅಳುತ್ತಿದ್ದವಳು ನಕ್ಕುಬಿಟ್ಟಳು.

ನಮ್ಮ ಮನೆಯಲ್ಲಿ ಈಗಲೂ ತಪ್ಪುಗಳಾಗುತ್ತವೆ. ತಪ್ಪು ಮಾಡಿದವರನ್ನು ಹಾಗೆ ನಗಿಸುವವರು ಇಲ್ಲ.