ತಿಪ್ಪಣ್ಣನ ನಾಲ್ಕಾಣೆ

ಮುಂಬಯಿಯ ಮಾಟುಂಗ ಸ್ಟೇಷನ್ನಿನ ಹೊರಗೆ ಹಳೆಯ ನಾಣ್ಯ ಮಾರುವ ಕಲಬುರ್ಗಿಯ ತಿಪ್ಪಣ್ಣನನ್ನು ಕಂಡರೆ ನನಗೆ ಮೈಯುರಿ. ನಿಜಾಮನ ಕಾಲದ ಹಾಲಿ ಸಿಕ್ಕಾ ನಾಣ್ಯಗಳನ್ನು ಹರವಿಕೊಂಡು ಕೂತಿರುತ್ತಾನೆ. ಬೆಲೆ ಕೇಳಿದರೆ ಇತಿಹಾಸ ಹೇಳುತ್ತಾನೆ, ಅಷ್ಟರಲ್ಲಿ ಎರಡು ಲೋಕಲ್ ಹೋಗಿರುತ್ತವೆ. ಜೇಬಿನಲ್ಲಿರುವ ಚಾರ್‌ಮಿನಾರ್ ಚಿತ್ರದ ನಾಲ್ಕಾಣೆಯನ್ನಂತೂ ಎಲ್ಲರಿಗೂ ತೋರಿಸುತ್ತಾನೆ, ಸಾವಿರ ಕೊಟ್ಟರೂ ಮಾರುವುದಿಲ್ಲ. “ಮಾರಂಗಿಲ್ಲಂದ್ರ ತೋರಸ್ತಿ ಯಾಕೋ ಮುದುಕಾ?” ಎಂದು ನಿನ್ನೆ ರೇಗಿಬಿಟ್ಟೆ. “ಸಿಟ್ಟಾಗಬ್ಯಾಡೋ ತಮ್ಮಾ. ನನಗಿಂತ ಮೊದಲು ಹುಟ್ಟಿದ ಮೂರೂ ಕೂಸು ಸತ್ತಿದ್ವು. ಅದಕ್ಕ ಸಾವಿನ ಕಣ್ಣು ತಪ್ಪಸಾಕ ಅವ್ವ ನನ್ನ ಸೂಲಗಿತ್ತಿಗೆ ಕೊಟ್ಟು, ಈ ನಾಕಾಣೆಗೆ ತಿರುಗಿ ಕೊಂಡ್ಲು. ಸೂಲಗಿತ್ತಿ ಇದನ್ನ ನನ್ನ ಉಡದಾರಕ್ಕ ಕಟ್ಟಿದ್ಲು, ನಾ ಬದುಕಿದೆ” ಎಂದು ನಾಣ್ಯವನ್ನು ಅಂಗಿಗೆ ಉಜ್ಜಿದ. “ಇಲ್ಲಿ ಆಸ್ಪತ್ರಿಯೊಳಗ ನನ್ನ ಮಗನ್ನೂ ಹಂಗ ಆಯಾನ ಕೈಯಿಂದ ಕೊಂಡ್ವಿ. ಈ ನಾಕಾಣೆ ಕೊಡಾಕ ಹೋದ್ರ ‘ಹಳೇದು ನಡ್ಯಾಂಗಿಲ್ಲ’ ಅಂದ್ಲು. ಹೊಸ ರೂಪಾಯಿ ಕೊಟ್ಟೆ. ಮೂರು ದಿನಕ್ಕ ಕೂಸು ಹೋತು. ಇದನ್ನ ಕೊಡಬೇಕಿತ್ತು.”