ದೊಡ್ಡಕ್ಕನ ಚೊಕ್ಕ ಪಂಜರಗಳು

ದೊಡ್ಡಕ್ಕನಿಗೆ ಗಲೀಜು ಕಂಡರೆ ಆಗುತ್ತಿರಲಿಲ್ಲ. "ಇವಳು ಸೋಪನ್ನೂ ತೊಳೆದಿಡೋಳು" ಅಂತ ಗಂಡ ಮನೆಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಅವಳು ಕೆಲಸ ಮಾಡುವ ಪ್ರಯೋಗಾಲಯದ ಇಲಿಕೋಣೆಯಲ್ಲೂ ಅದೇ ಕಥೆ. ಮಿಕ್ಕವರು ಪಂಜರಕ್ಕೆ ಹಾಸಿದ ಮರದ ಹೊಟ್ಟನ್ನು ವಾರಕ್ಕೊಮ್ಮೆ ಬದಲಿಸಿದರೆ ಇವಳು ದಿನಾ ಬದಲಿಸುವಳು, ಅದನ್ನೂ ಹಬೆಯಲ್ಲಿ ಬೇಯಿಸಿ, ಆರಿಸಿ. ಇಲಿಗಳು ತಿನ್ನುವ ಕಾಳಿಗೂ ಕುಡಿಯುವ ನೀರಿಗೂ ಅದೇ ಉಪಚಾರ. "ದೊಡ್ಡಕ್ಕನ ಪಂಜರ ಖಾಲಿಯಾದ್ರೆ ಹೇಳಿ, ನಾನೇ ಬಾಡಿಗೆಗೆ ಬರ್ತೀನಿ" ಅನ್ನುತ್ತಿದ್ದರು ಪ್ರಯೋಗಾಲಯದ ಯಜಮಾನರಾದ ಸರ್. ಈ ಮಾತಿಗೆ ಅವಳು ಒಳಗೊಳಗೇ ಉಬ್ಬುತ್ತಿದ್ದಳು.

ಉಬ್ಬಲು ಅವಳಿಗೆ ಬೇರೇನೂ ಇರಲಿಲ್ಲ, ಪಾಪ. ಇಲಿಯ ಕರುಳು ತನ್ನೊಳಗಿನ ಸೂಕ್ಷ್ಮಜೀವಿಗಳನ್ನು ಹದ್ದುಬಸ್ತಿನಲ್ಲಿಡಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ತಯಾರಿಕೆ ಅತಿಯಾಗದಂತೆ ಒಂದು ಪ್ರೋಟೀನು ಬ್ರೇಕ್ ಹಾಕುತ್ತದೆ ಎಂಬುದು ದೊಡ್ಡಕ್ಕನ ಗಟ್ಟಿ ನಂಬಿಕೆ. ಹಾಗಿದ್ದರೆ ಆ ಪ್ರೋಟೀನೇ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಪ್ರತಿಕಾಯ ಹೆಚ್ಚಬೇಕು, ಅದು ಹಿಕ್ಕೆಯಲ್ಲಿ ಕಾಣಬೇಕು. ಅವಳು ತನ್ನ ವಯಸ್ಸನ್ನೆಲ್ಲ ಹಿಕ್ಕೆ ಆರಿಸುವುದರಲ್ಲೇ ಕಳೆದಳು. ಹಿಕ್ಕೆ ಅರೆದು, ಸಣ್ಣ ಗುಳಿಗಳಿರುವ ತಟ್ಟೆಗೆ ಹಾಕಿ, ಮೇಲೆ ಔಷಧಿ ಬಿಟ್ಟು, ಹಳದಿ ಬಣ್ಣ ಏರಲಿ ಅಂತ ಕಾಯುವುದು. ಪ್ರತಿಕಾಯ ಎಷ್ಟೋ ಬಣ್ಣ ಅಷ್ಟು. ಆದರೆ ಪ್ರೋಟೀನ್ ಇದ್ದ ಇಲಿಯದೂ ಇಲ್ಲದ ಇಲಿಯದೂ ಪ್ರತಿಸಲವೂ ಒಂದೇ ಪೇಲವ ಬಣ್ಣ.

ಹೀಗಿರುವಾಗ ಗಡಿಬಿಡಿ ಬಂದಳು. ಕಾಲೇಜಿನ ವಾಸನೆ ಇನ್ನೂ ಹೋಗಿರದ ಹುಡುಗಿ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಓಡುವಳು, ಹಾಗಾಗಿ ಆ ಹೆಸರು. ಅವಳ ಪಂಜರಗಳ ಹತ್ತಿರ ಹೋದರೆ ದೊಡ್ಡಕ್ಕ ಮೂಗು ಮುಚ್ಚಿಕೊಳ್ಳುತ್ತಿದ್ದಳು. ದೊಡ್ಡಕ್ಕನ ಪ್ರಯೋಗವನ್ನೇ ಮಾಡಿದ ಆ ಹುಡುಗಿಯ ತಟ್ಟೆಯಲ್ಲಿ, ಮೊದಲನೇ ಸಲಕ್ಕೇ, ಪ್ರೋಟೀನ್ ಇಲ್ಲದ ಇಲಿಗಳ ಗುಳಿಗಳು ಗಾಢ ಹಳದಿಯಾಗಿ ನಿಂತವು.

ಸರ್ ಹುಡುಗಿಯ ಬೆನ್ನು ತಟ್ಟಿದರು. ಲೇಖನದಲ್ಲಿ ಮೊದಲ ಹೆಸರು ಅವಳದೇ ಅಂದರು. ದೊಡ್ಡಕ್ಕ ನಕ್ಕಳು, ಕೈ ಕುಲುಕಿದಳು, ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದೇ ತೊಳೆದಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಮರ್ಯಾದೆಯ ಹೆಸರು ಯಾಕೆ? ಮನೆಯಲ್ಲಿ ಅನ್ನ ಸೇರಲಿಲ್ಲ. "ಆ ಹುಡುಗಿ ಏನು ನಿನ್ನ ಒಡವೆ ಕದ್ದಳಾ?" ಅಂತ ಗಂಡ ಕೇಳಿದ್ದಕ್ಕೆ "ಕದ್ದಿದ್ರೆ ಪೊಲೀಸರಿಗಾದ್ರೂ ಹೇಳ್ಬಹುದಿತ್ತು" ಅಂದಳು.

ಹುಳುಕು ಹುಡುಕುವವರಿಗೆ ಹುಳುಕು ಸಿಗದೇ ಇರುತ್ತದೆಯೇ? ಗಡಿಬಿಡಿ ಎರಡು ಬಗೆಯ ಇಲಿಗಳನ್ನೂ ಬೇರೆಬೇರೆ ಪಂಜರಗಳಲ್ಲಿ ಸಾಕಿದ್ದಳು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುವ ಜಾತಿ. ಹಾಗಾಗಿ ಒಂದು ಪಂಜರದವಕ್ಕೆಲ್ಲ ಕರುಳಿನ ಸೂಕ್ಷ್ಮಜೀವಿಗಳು ಒಂದೇ, ಪಕ್ಕದ ಪಂಜರದವಕ್ಕೆ ಬೇರೆ. ಬಣ್ಣ ಏರಿದ್ದು ಪ್ರೋಟೀನ್ ಇಲ್ಲದ್ದಕ್ಕೋ, ಪಂಜರದ ಕೊಳೆಗೋ? ಇದನ್ನು ಕಿವಿಯಲ್ಲಿ ಹೇಳಬಹುದಿತ್ತು. ದೊಡ್ಡಕ್ಕ ವಾರದ ಸಭೆಯಲ್ಲಿ ಎಲ್ಲರೂ ಕೂತಿರುವಾಗ ಕೇಳಿದಳು: "ಎರಡನ್ನೂ ಒಟ್ಟಿಗೆ ಸಾಕಿ ನೋಡಿದೀಯೇನಮ್ಮಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. ದೊಡ್ಡಕ್ಕನಿಗೆ ಅಂದು ಊಟ ಸೇರಿತು.

"ನೀವೇ ಪರೀಕ್ಷೆ ಮಾಡಿ ದೊಡ್ಡಕ್ಕ, ನಿಮ್ಮ ಕೈಯಲ್ಲಾದ್ರೆ ಯಾರೂ ಅನುಮಾನ ಪಡಲ್ಲ" ಅಂದರು ಸರ್. ದೊಡ್ಡಕ್ಕನ ಪಂಜರಗಳಲ್ಲಿ ಎರಡೂ ಬಗೆಯ ಮರಿಗಳು ಮೊದಲಿನಿಂದಲೂ ಒಟ್ಟಿಗೇ ಬೆಳೆಯುತ್ತಿದ್ದವು. ಅವುಗಳಲ್ಲಿ ಕೆಲವನ್ನು ತೆಗೆದು, ಎರಡೂ ಬಗೆಯವನ್ನು ಬೆರೆಸಿಯೇ, ಗಡಿಬಿಡಿಯ ಕೊಳಕು ಪಂಜರಗಳಿಗೆ ಹಾಕಿದಳು. ಉಳಿದವನ್ನು ತನ್ನಲ್ಲೇ ಇಟ್ಟುಕೊಂಡಳು. ಹುಡುಗಿಯ ಬಣ್ಣ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಮರಿಗಳು ಬೆಳೆದವು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವಳು ತಟ್ಟೆ ಹಿಡಿದು ಕೂತಳು. ತನ್ನ ಚೊಕ್ಕ ಪಂಜರದವು ಎಂದಿನಂತೆ ಎಲ್ಲವೂ ಪೇಲವ. ಕೊಳಕು ಪಂಜರಕ್ಕೆ ಹೋದವುಗಳಲ್ಲಿ ಪ್ರೋಟೀನ್ ಇದ್ದವು ತಿಳಿಹಳದಿ, ಇಲ್ಲದವು ಗಾಢ ಹಳದಿ. ಒಂದೇ ಪಂಜರ, ಒಂದೇ ಕೊಳೆ, ಆದರೂ ಬಣ್ಣ ಬೇರೆ. ಹುಡುಗಿ ಹೇಳಿದ್ದು ನಿಜ.

ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿ ನುಂಗುತ್ತಿದ್ದಳೇನೋ. ಆದರೆ ಇವು ದೊಡ್ಡಕ್ಕನವೇ ಇಲಿಗಳು, ಬದಲಾದದ್ದು ಪಂಜರವಷ್ಟೇ. ಎಲ್ಲವನ್ನೂ ಬೇಯಿಸಿ ಸಾಕಿದ, ಸೂಕ್ಷ್ಮಜೀವಿಗಳು ಇಲ್ಲವೆನ್ನುವಷ್ಟು ಕಡಿಮೆಯಾದ ಕರುಳು ಪ್ರತಿಕಾಯ ಯಾತಕ್ಕೆ ತಯಾರಿಸೀತು? ನಿಂತ ಗಾಡಿಗೆ ಬ್ರೇಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟು ವರ್ಷವೂ ಉತ್ತರ ಅವಳ ಪಂಜರದಲ್ಲೇ ಓಡಾಡಿಕೊಂಡಿತ್ತು. ದಿನಾ ಸಂಜೆ ಅವಳೇ ಅದನ್ನು ಹೊಟ್ಟಿನ ಜೊತೆ ಗುಡಿಸಿ ಹಾಕಿದ್ದಳು.

ತೊಟ್ಟಿ ಕೈಯಳತೆಯಲ್ಲೇ ಇತ್ತು. ನಲ್ಲಿ ತಿರುಗಿಸಿ ತಟ್ಟೆ ಹಿಡಿದರೆ ಮುಗಿಯಿತು, ಕೈ ಜಾರಿತು ಅಂದರೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಅವಳ ಕೈ ನಲ್ಲಿಯ ತನಕ ಹೋಯಿತು ಕೂಡ. ಆದರೆ ಇಷ್ಟು ವರ್ಷ ಕಾದ ಬಣ್ಣ ಅದು, ಚೆಲ್ಲಲು ಕೈ ಬರಲಿಲ್ಲ. ತಟ್ಟೆಯನ್ನು ಹಾಗೇ ಸರ್ ಮೇಜಿನ ಮೇಲಿಟ್ಟು ಬಂದಳು.

ಸಂಜೆ ಗಡಿಬಿಡಿ ಇಲಿಕೋಣೆಗೆ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ದೊಡ್ಡಕ್ಕಾ, ನೀವು ಕೇಳದೆ ಇದ್ದಿದ್ರೆ ನನ್ನ ಲೇಖನ ಬಿದ್ದೇ ಹೋಗ್ತಿತ್ತು. ಮುಂದಿನ ಮರಿಗಳನ್ನ ನಿಮ್ಮ ಥರಾನೇ ಚೊಕ್ಕಟವಾಗಿ ಸಾಕ್ಬೇಕು ಅಂತಿದೀನಿ. ಹೇಗೆ ಅಂತ ಹೇಳಿಕೊಡ್ತೀರಾ?"

ಆಹಾ, ಎಂಥಾ ಅವಕಾಶ. ಹೂಂ ಅಂದರೆ ಸಾಕಿತ್ತು. ಈ ಹುಡುಗಿಯೂ ಹೊಟ್ಟು ಬೇಯಿಸುತ್ತಾ, ಪೇಲವ ತಟ್ಟೆ ನೋಡುತ್ತಾ ತಲೆ ನೆರೆಸಿಕೊಳ್ಳುತ್ತಿದ್ದಳು. ದೊಡ್ಡಕ್ಕ ಆ ಹೂಂ ಅನ್ನು ನಾಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು, ರುಚಿಯಾಗಿತ್ತು.

"ಬೇಡ," ಅಂದಳು ಕೊನೆಗೆ. "ನನ್ನ ನೋಡಿ ಕಲೀಬೇಡ. ನನ್ನ ಪಂಜರದಲ್ಲಿ ಕೊಳೆ ಇರ್ಲಿಲ್ಲ, ಅದಕ್ಕೇ ಬಣ್ಣಾನೂ ಬರ್ಲಿಲ್ಲ. ನಿನ್ನ ಗಲೀಜು ನಿನಗಿರಲಿ."

ಹುಡುಗಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕಣ್ಣು ತುಂಬಿ ಬಂತು. "ಅಯ್ಯೋ, ಅಕ್ಕಾ..."

ಲೇಖನದ ಮೇಲೆ ಹುಡುಗಿಯ ಹೆಸರನ್ನಾದರೂ ಸಹಿಸಬಹುದಿತ್ತು, ಈ ಕನಿಕರವನ್ನಲ್ಲ. "ಹೋಗು, ಹೋಗಿ ನಿನ್ನ ಕೆಲಸ ನೋಡ್ಕೋ" ಅಂತ ಕೈ ಬಿಡಿಸಿಕೊಂಡಳು ದೊಡ್ಡಕ್ಕ.

ಬೇಯಿಸಿ ಆರಿಸಿದ ಹೊಟ್ಟಿನ ಬುಟ್ಟಿ ಪಕ್ಕದಲ್ಲೇ ಇತ್ತು. ಅವಳು ಮೊದಲ ಪಂಜರದ ಮುಚ್ಚಳ ತೆಗೆದಳು. ಒಳಗೆ ಇಲಿಗಳು ಅಂದಿನ ಹಿಕ್ಕೆಯ ನಡುವೆ ಆರಾಮವಾಗಿ ಮಲಗಿದ್ದವು. ಹೊಟ್ಟು ಬದಲಿಸದೆ ಮುಚ್ಚಳ ಮತ್ತೆ ಹಾಕಿ, ಕೈ ತೊಳೆಯದೆ ಮನೆಗೆ ಹೋದಳು.