ಕ್ಯಾಂಟೀನಿನಲ್ಲಿ ಕಲಿತ ಗುರಿ

ಟ್ಯಾಂಕಿನ ಗನ್ನರ್ ಸೀಟಿನಲ್ಲಿ ಮೊದಲ ಸಲ ಕೂತ ದಿನ ನನಗೆ ಹೆದರಿಕೆ ಆಗಲಿಲ್ಲ, ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಳ್ಳುವ ನಗು. ನಲವತ್ತು ಟನ್ನಿಗೂ ಮೀರಿದ ಉಕ್ಕು, ಅದರ ನೆತ್ತಿಯಲ್ಲಿ ಒಂದು ಗೋಪುರ, ಗೋಪುರದಿಂದ ಆಚೆ ಚಾಚಿಕೊಂಡ ತೋಪು, ಇಷ್ಟೂ ನನ್ನ ಎರಡು ಅಂಗೈಗಳ ಮಾತು ಕೇಳುತ್ತದೆ! ಹಿಡಿಯನ್ನು ಒಂದು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದರೆ ಇಡೀ ಗೋಪುರ ಗುಂಯ್ ಎನ್ನುತ್ತಾ ಎಡಕ್ಕೆ. ಬಲಕ್ಕೆ ಅಂದರೆ ಬಲಕ್ಕೆ. ಅಲೆವೂರಿನ ನಮ್ಮ ಮನೆಯಲ್ಲಿ ನಾನು ಹೇಳಿದ್ದನ್ನು ಬೆಕ್ಕು ಕೂಡ ಕೇಳಿದ್ದಿಲ್ಲ. ಇಲ್ಲಿ ನೋಡಿದರೆ ಈ ರಾಕ್ಷಸ ಕೇಳುತ್ತಾನೆ. ನಗು ಬರದೆ ಇನ್ನೇನು?

ಒಳಗೆ ನಾವು ಮೂವರೇ. ಡ್ರೈವರ್ ಮುಂದೆ ಕೆಳಗೆ, ಅರ್ಧ ಮಲಗಿದ ಹಾಗೆ. ಗೋಪುರದಲ್ಲಿ ತೋಪಿನ ಬಲಕ್ಕೆ ನಮ್ಮ ಕಮಾಂಡರು, ಹರಿಯಾಣದ ಕಡೆಯ ಮೀಸೆಯ ಮನುಷ್ಯ. ಕಲಿಸುವವರನ್ನು ಸೈನ್ಯದಲ್ಲಿ ಉಸ್ತಾದ್ ಅನ್ನುವುದು ರೂಢಿ, ಹಾಗಾಗಿ ಅವರು ನನಗೆ ಉಸ್ತಾದರು. ಎಡಕ್ಕೆ ನಾನು. ನಡುವೆ ತೋಪಿನ ಹಿಂಭಾಗವೇ ಗೋಡೆಯ ಹಾಗೆ ನಿಂತಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕಿವಿಗೆ ಕಟ್ಟಿದ ಹೆಡ್‌ಫೋನಿನಲ್ಲಿ ಸ್ವರ ಮಾತ್ರ. ಮುಚ್ಚಳ ಹಾಕಿದರೆ ಒಳಗಿನ ಸೆಕೆ ಇಡ್ಲಿ ಪಾತ್ರೆಯದ್ದು. ಮೊಣಕಾಲು ಒಂದು ಕಬ್ಬಿಣಕ್ಕೆ ತಾಗುತ್ತದೆ, ಅದನ್ನು ಎಳೆದುಕೊಂಡರೆ ಮೊಣಕೈ ಇನ್ನೊಂದಕ್ಕೆ. ಕಾಲಡಿಯಲ್ಲಿ ಗುಂಡುಗಳು ಚಕ್ರದಂತೆ ಸುತ್ತ ಜೋಡಿಸಿಕೊಂಡು ಮಲಗಿರುತ್ತವೆ. ಗುಂಡಿ ಒತ್ತಿದರೆ ಚಕ್ರ ತಿರುಗಿ, ಬೇಕಾದ ಗುಂಡು ಮೇಲೆದ್ದು, ಖಟಕ್ ಖಟಕ್ ಎಂದು ತಾನಾಗಿ ತೋಪಿನೊಳಗೆ ಹೋಗಿ ಕೂರುತ್ತದೆ. ಆ ಸದ್ದು ಕೇಳಿದಾಗೆಲ್ಲ ನನ್ನ ಬೆನ್ನು ಜುಮ್ಮೆನ್ನುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಮೋಜು ಬೇರೆಯೇ ಇದೆ. ಟ್ಯಾಂಕು ಮರಳದಿಣ್ಣೆ ಹತ್ತಿ ಇಳಿದು ಕುಣಿಯುತ್ತಿರುತ್ತದೆ. ನನ್ನ ಹಲ್ಲು ಹಲ್ಲಿಗೆ ಬಡಿಯುತ್ತಿರುತ್ತದೆ. ಆದರೆ ಕಣ್ಣಿಟ್ಟ ದುರ್ಬೀನಿನೊಳಗಿನ ಚಿತ್ರ ಮಾತ್ರ ಅಲ್ಲಾಡುವುದಿಲ್ಲ, ತೋಪೂ ಅಲ್ಲಾಡುವುದಿಲ್ಲ! ಕಾಪುವಿನಲ್ಲಿ ಮೀನಿನ ಬುಟ್ಟಿ ತಲೆಯ ಮೇಲಿಟ್ಟು ಬೀಸು ನಡಿಗೆಯಲ್ಲಿ ಹೋಗುವ ಹೆಂಗಸರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಸೊಂಟದ ಕೆಳಗೆ ಅಷ್ಟು ಓಡಾಟ, ಬುಟ್ಟಿಯಲ್ಲಿ ಒಂದು ಬಂಗುಡೆಯೂ ಮಿಸುಕುವುದಿಲ್ಲ.

ಇಷ್ಟೆಲ್ಲ ಪ್ರೀತಿ ಇದ್ದ ನಾನು ಗನ್ನರ್ ಪರೀಕ್ಷೆಯಲ್ಲಿ ಫೇಲಾದೆ. ನಿಂತ ಗುರಿಗೆಲ್ಲ ಹೊಡೆದೆ, ಓಡುವ ಗುರಿಗೆ ಒಂದೂ ತಾಗಲಿಲ್ಲ. ಮೂರು ಗುಂಡೂ ಗುರಿಯ ಮೂಗಿನ ಮುಂದೆ ಹಾದು ಹೋಗಿ ಮರಳಿಗೆ ಬಿದ್ದವು. "ಯಂತ್ರದಲ್ಲೇ ಏನೋ ದೋಷ ಇರಬೇಕು," ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು. ಅದೇ ಯಂತ್ರದಲ್ಲಿ ಇನ್ನೊಬ್ಬ ಕೂತು ಮೂರಕ್ಕೆ ಮೂರೂ ಹೊಡೆದ. ಉಸ್ತಾದರು ಮೀಸೆ ತಿರುವಿ, "ಮುಂದಿನ ಪರೀಕ್ಷೆಯವರೆಗೆ ಲಂಗರಿನಲ್ಲಿ ಕೆಲಸ ಮಾಡು," ಎಂದರು. ಲಂಗರ್ ಅಂದರೆ ಸೈನಿಕರ ಅಡುಗೆಮನೆ.

ಅಲ್ಲಿ ನಾನು ಬುದ್ಧಿ ಇಲ್ಲದವನಂತೆ ಒಳ್ಳೆಯ ಅಡುಗೆ ಮಾಡಿಬಿಟ್ಟೆ. ಬೆಳೆದದ್ದು ಅಮ್ಮನ ಕ್ಯಾಂಟೀನಿನಲ್ಲಿ, ಕೈ ಸುಮ್ಮನಿರಬೇಕಲ್ಲ! ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಣಿಪಾಲದಲ್ಲಿ ಕಾಲೇಜು ಹುಡುಗರಿಗಾಗಿ ಒಂದು ಸಣ್ಣ ಕ್ಯಾಂಟೀನು ನಡೆಸಿದವಳು, ಈಗಲೂ ನಡೆಸುತ್ತಾಳೆ. ನಾನು ರೇಷನ್ ಅಕ್ಕಿ, ಉದ್ದು ನೆನೆಹಾಕಿ ರುಬ್ಬಿದೆ. ಮರುಭೂಮಿಯ ಸೆಕೆಗೆ ಹಿಟ್ಟು ಮೂರೇ ಗಂಟೆಯಲ್ಲಿ ಉಬ್ಬಿ ಪಾತ್ರೆಯಿಂದ ಹೊರಗೆ ಬಂತು. ಅಮ್ಮ ಪಾರ್ಸೆಲ್ ಮಾಡಿದ್ದ ಸಾಂಬಾರು ಪುಡಿ ಇತ್ತು. ಮರುದಿನ ಬೆಳಿಗ್ಗೆ ದೋಸೆಗೆ ಸಾಲು ನಿಂತರು. ದೊಡ್ಡ ಸಾಹೇಬರು ಎರಡು ಸಲ ಹಾಕಿಸಿಕೊಂಡು, "ಉಡುಪಿಯವನಾ? ಇಂಥವನನ್ನು ಟ್ಯಾಂಕಿನಲ್ಲಿ ಕೂರಿಸಿ ಹಾಳು ಮಾಡುವುದೇ?" ಎಂದರು.

ಮಾಡಿದ್ದುಣ್ಣೋ ಮಹರಾಯ! ಆ ದಿನದಿಂದ ನನ್ನ ಹೆಸರೇ ಹೋಗಿ ಎಲ್ಲರ ಬಾಯಲ್ಲೂ 'ಉಡುಪಿ' ಆದೆ. ಟ್ಯಾಂಕಿನ ಹತ್ತಿರ ಹೋದರೆ, "ಉಡುಪಿ, ಚಟ್ನಿ ಆಯಿತಾ?" ಎಂದು ಕೇಳುತ್ತಿದ್ದರು. ನಮ್ಮ ಉಸ್ತಾದರು ಮಾತ್ರ ಒಂದು ಸಂಜೆ ನನ್ನನ್ನು ಬದಿಗೆ ಕರೆದರು. ರಜೆ ಮುಗಿಸಿ ಬಂದ ಮೇಲೆ ಇನ್ನೊಂದೇ ಪರೀಕ್ಷೆ, ಅದರಲ್ಲಿ ತಪ್ಪಿದರೆ ನಿನ್ನನ್ನು ಕಾಯಂ ಆಗಿ ಲಂಗರಿಗೆ ಹಾಕುವುದೆಂದು ಮೇಲಿನವರು ನಿರ್ಧರಿಸಿದ್ದಾರೆ ಎಂದು ಹೇಳಿದರು. ನನಗೆ ಅಳು ಬಂತು, ನಿಜವಾಗಿ. ದೋಸೆ ಹುಯ್ಯಲು ಸಾವಿರಾರು ಮೈಲಿ ಬರಬೇಕಿತ್ತೇ? ಅಮ್ಮನ ಕಾವಲಿಯೇ ಸಾಕಿತ್ತಲ್ಲ.

ಆ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದವನು ಸುಮ್ಮನೆ ಕೂರಲಿಲ್ಲ. ಕ್ಯಾಂಟೀನಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿ ಇರುವುದಿಲ್ಲ. ಆ ಹೊತ್ತಿಗೆ ಮೂಲೆಯ ಮೇಜಿನ ಮೇಲೆ ಒಂದು ಹಳೆಯ ಸೈಕಲ್ಲಿನ ಹ್ಯಾಂಡಲ್ ಕೂರಿಸಿದೆ. ಅದಕ್ಕೆ ಒಂದು ಪಿವಿಸಿ ಪೈಪು ಬಿಗಿದು, ಪೈಪಿನ ಆಚೆ ತುದಿಗೆ ಎರಡು ನೂಲು ಅಡ್ಡ ಉದ್ದ ಕಟ್ಟಿದೆ. ಅದೇ ನನ್ನ ದುರ್ಬೀನು. ಕಿಟಕಿಯಿಂದ ಇಳಿಜಾರಿನ ರಸ್ತೆ ಕಾಣುತ್ತದೆ, ಅದೇ ಮರುಭೂಮಿ. ಓಡುವ ಸ್ಕೂಟರು, ಆಟೋ ಎಲ್ಲ ಶತ್ರು. ಆದರೆ ಗುರಿ ತೋರಿಸಲು ಒಬ್ಬ ಕಮಾಂಡರ್ ಬೇಕಲ್ಲ?

"ಅಮ್ಮ, ಸ್ವಲ್ಪ ಇಲ್ಲಿ ಬಾ," ಎಂದೆ.

"ಎಂತ ಇದು? ಪ್ಲಂಬರ್ ಕೆಲಸ ಶುರು ಮಾಡಿದ್ದಿಯಾ?" ಎಂದಳು ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

ಕೂರಿಸಿ ಎಲ್ಲ ಹೇಳಿದೆ. ಲಂಗರಿನ ಮಾತು ಬಂದಾಗ ಅವಳು, "ಅಡುಗೆ ಕೆಲಸ ಎಂತ ಕಡಿಮೆಯಾ? ನಾನು ಇಪ್ಪತ್ತು ವರ್ಷ ಮಾಡಲಿಲ್ವಾ?" ಎಂದಳು. "ಕಡಿಮೆ ಅಂತ ಅಲ್ಲ ಅಮ್ಮ, ನನಗೆ ಅದೇ ಸೀಟು ಬೇಕು," ಎಂದೆ. ಅವಳು ಸೌಟು ಕೈಗೆತ್ತಿಕೊಂಡು, "ಸರಿ, ಎಂತ ಹೇಳಬೇಕು ಹೇಳು," ಎಂದಳು.

ಎರಡೇ ದಿನದಲ್ಲಿ ಅಮ್ಮ ನಮ್ಮ ಉಸ್ತಾದರನ್ನೂ ಮೀರಿಸಿದಳು. ಎತ್ತರದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಸೌಟು ಹಿಡಿದು ಆಜ್ಞೆ ಕೊಡುವುದು. "ಎಡಕ್ಕೆ, ಕೆಂಪು ಸ್ಕೂಟರು, ಇಬ್ಬರು ಇದ್ದಾರೆ, ಹೆಲ್ಮೆಟ್ ಇಲ್ಲ!" ನಾನು, "ಕಂಡಿತು!" "ಹೊಡಿ!" "ಹೊಡೆದೆ!" "ಬಲಕ್ಕೆ, ಗ್ಯಾಸಿನ ಲಾರಿ! ಅಯ್ಯೋ ಬೇಡ ಬೇಡ, ಅವನು ನಮಗೇ ಸಿಲಿಂಡರ್ ತರುವುದು, ಬಿಡು!" ನಾಲ್ಕಕ್ಕೆ ಮುಂಚೆಯೇ ಚಾ ಕುಡಿಯಲು ಬಂದ ವಿದ್ಯಾರ್ಥಿಗಳು ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ಅವರ ಕಡೆಗೂ ಸೌಟು ತೋರಿಸಿ, "ಯುದ್ಧ ನಡೀತಾ ಉಂಟು, ನಾಲ್ಕು ಗಂಟೆಗೆ ಬನ್ನಿ," ಎಂದು ಓಡಿಸುತ್ತಿದ್ದಳು.

ಕಾರ್ಕಳದ ಬಸ್ಸಿನಲ್ಲೂ ಅಭ್ಯಾಸ ನಡೆಯಿತು. ಕೊನೆಯ ಸೀಟಿನಲ್ಲಿ ಕೂತು, ಕಿಟಕಿಯ ಹೊರಗೆ ಓಡುವ ಬೈಕಿನ ಮೇಲೆ ಹೆಬ್ಬೆರಳು ಹಿಡಿದು, ಬಸ್ಸು ಎಷ್ಟೇ ಕುಣಿದರೂ ಬೆರಳು ಬೈಕಿನಿಂದ ತಪ್ಪದ ಹಾಗೆ ನೋಡಿಕೊಳ್ಳುವುದು. ಆ ತಿರುವುಗಳಲ್ಲಿ ನಮ್ಮ ಬಸ್ಸಿನವರು ಓಡಿಸುವುದನ್ನು ನೋಡಿದರೆ ಮರಳದಿಣ್ಣೆ ಏನೂ ಅಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ನನ್ನ ಬೆರಳನ್ನೇ ನೋಡಿ ನೋಡಿ ಕೊನೆಗೆ, "ಲಿಫ್ಟ್ ಬೇಕಿದ್ದರೆ ಬಸ್ಸಿನಿಂದ ಇಳಿದು ಕೇಳಬೇಕು ಮಾರಾಯ," ಎಂದರು.

ಆದರೆ ಫೇಲಾದದ್ದು ಯಾಕೆ ಎಂದು ನನಗೆ ಇನ್ನೂ ಗೊತ್ತಿರಲಿಲ್ಲ. ಅದನ್ನು ಹಿಡಿದವಳು ಅಮ್ಮ. ಒಂದು ದಿನ ಅವಳು ಸ್ಟೂಲಿನಿಂದ ಇಳಿದು ಬಂದು ನನ್ನ ಬೆನ್ನ ಹಿಂದೆ ನಿಂತಳು. ಏಳೆಂಟು ಸ್ಕೂಟರು ನೋಡಿದಳು.

"ನಿಲ್ಲು. ನೀನು ಹೊಡೆದೆ ಅನ್ನುವಾಗ ಸ್ಕೂಟರು ಪುಸ್ತಕದಂಗಡಿಯ ಹತ್ತಿರ ಉಂಟು. ನಿನ್ನ ಪೈಪು ಎಂತಕ್ಕೆ ಆ ಕರೆಂಟು ಕಂಬಕ್ಕೆ ಹೋಗಿದೆ?"

"ಅದು ಅಲ್ಲಿಗೇ ಬರುತ್ತದಲ್ಲ, ಅಮ್ಮ."

"ಬರುವುದನ್ನು ನೀನು ನೋಡಬೇಕಾ, ಯಂತ್ರ ನೋಡುತ್ತದಾ?"

ಯಂತ್ರವೇ ನೋಡುತ್ತದೆ! ಅದೇ ತಾನೇ ಕಥೆ. ಗನ್ನರ್ ಮಾಡಬೇಕಾದದ್ದು ಇಷ್ಟೇ: ಓಡುವ ಗುರಿಯ ಮೇಲೆ ದುರ್ಬೀನಿನ ಗೆರೆ ಇಟ್ಟು, ಎರಡು ಮೂರು ಉಸಿರಿನಷ್ಟು ಹೊತ್ತು ಅದರ ಜೊತೆಗೇ ಸಾಗಬೇಕು. ವೇಗ ಎಷ್ಟು, ದೂರ ಎಷ್ಟು, ತೋಪು ಎಷ್ಟು ಮುಂದೆ ತಿರುಗಬೇಕು ಎಂಬ ಲೆಕ್ಕವೆಲ್ಲ ಕಂಪ್ಯೂಟರಿನದು. ನಾನೂ ಮುಂದೆ ಹೋಗಿ, ಕಂಪ್ಯೂಟರೂ ಮುಂದೆ ಹೋದರೆ ಗುಂಡು ಮೂಗಿನ ಮುಂದೆ ಹಾಯದೆ ಇನ್ನೆಲ್ಲಿ ಹೋಗಬೇಕು? ತರಗತಿಯಲ್ಲಿ ಹತ್ತು ಸಲ ಕೇಳಿದ್ದೆ, ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಕೈಗೆ ಇಳಿದದ್ದು ಬೇರೆಯೇ ಪಾಠ. ನಮ್ಮ ಕಡೆ ರಸ್ತೆ ದಾಟಲು ಕಲಿಯುವುದು ನಡೆಯಲು ಕಲಿತ ಮರುದಿನವೇ. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸುಗಳ ಎದುರು ರಸ್ತೆ ದಾಟುವವನು ಬಸ್ಸು ಎಲ್ಲಿ ಉಂಟು ಅಂತ ನೋಡಿದರೆ ಉಳಿಯುವುದಿಲ್ಲ, ಎಲ್ಲಿಗೆ ಬರುತ್ತದೆ ಅಂತ ನೋಡಬೇಕು. ಹಾಗೆಂದು ನನ್ನ ಮಣಿಕಟ್ಟು ಹಿಡಿದು ಕಲಿಸಿದವಳು ಅಮ್ಮನೇ. ಇಡೀ ದೇಶದಲ್ಲಿ ಈ ಕಾರಣಕ್ಕೆ ಗುರಿ ತಪ್ಪಿದ ಗನ್ನರ್ ನಾನೊಬ್ಬನೇ ಇರಬೇಕು!

ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ನಗು ನಿಂತ ಮೇಲೆ ಅಮ್ಮ, "ಕಲಿಸಿದವಳು ನಾನೇ, ಬಿಡಿಸುವವಳೂ ನಾನೇ. ಇರುವಲ್ಲೇ ನೋಡು," ಎಂದಳು. ಆಮೇಲೆ ಹದಿನೈದು ದಿನ ಅದೊಂದೇ ಮಾತು. ಪೈಪು ಸ್ಕೂಟರಿಗಿಂತ ಗೇಣು ಮುಂದೆ ಹೋದರೂ ಸೌಟಿನಿಂದ ಭುಜಕ್ಕೆ ಒಂದು ಏಟು. ಕೊನೆಯ ದಿನ ನಲವತ್ತು ಸ್ಕೂಟರಿಗೆ ಒಂದೂ ಏಟು ಬೀಳಲಿಲ್ಲ. ಹೊರಡುವಾಗ ಸಾಂಬಾರು ಪುಡಿ ಕೊಡುತ್ತಾಳೆ ಎಂದುಕೊಂಡಿದ್ದೆ, ಕೊಡಲಿಲ್ಲ. ಗನ್ನರ್ ಆಗುವವನಿಗೆ ಅದು ಎಂತಕ್ಕೆ ಅಂತ ಇರಬೇಕು.

ಪರೀಕ್ಷೆಯ ದಿನ ಮುಚ್ಚಳ ಹಾಕಿ ಹೊರಟೆವು. ಟ್ಯಾಂಕು ಓಡುತ್ತಿದೆ, ಗುರಿಯೂ ಓಡುತ್ತಿದೆ. ಕಿವಿಯಲ್ಲಿ ಉಸ್ತಾದರ ಸ್ವರ: "ಎಡಕ್ಕೆ, ಟ್ಯಾಂಕು, ಓಡುತ್ತಿದೆ!" ಕಾಲಡಿಯಲ್ಲಿ ಖಟಕ್ ಖಟಕ್. ಹುಬ್ಬನ್ನು ದುರ್ಬೀನಿನ ರಬ್ಬರಿಗೆ ಗಟ್ಟಿಯಾಗಿ ಒತ್ತಿದೆ, ಇಲ್ಲದಿದ್ದರೆ ಗುಂಡು ಹಾರುವಾಗಿನ ಒದೆತಕ್ಕೆ ಹಣೆ ಒಡೆಯುತ್ತದೆ. ಗೆರೆಯನ್ನು ಗುರಿಯ ಹೊಟ್ಟೆಯ ಮೇಲೆ ಇಟ್ಟೆ. ಕೈ ಮುಂದೆ ಎಳೆಯಿತು. ಭುಜ ಚುರುಕ್ ಅಂದಿತು, ಸುಳ್ಳಲ್ಲ. ಇರುವಲ್ಲೇ, ಇರುವಲ್ಲೇ ಎಂದುಕೊಂಡು ಒಂದು ಉಸಿರು, ಎರಡು ಉಸಿರು ಸಾಗಿದೆ. ಒತ್ತಿದೆ.

ಟ್ಯಾಂಕು ಹಿಂದಕ್ಕೆ ಕೂತು ಎದ್ದಿತು. ಎದೆಯೊಳಗಿನ ಗಾಳಿಯೆಲ್ಲ ಹೊರಗೆ ಬಂತು. ಮೂಗಿಗೆ ಮದ್ದಿನ ಘಾಟು, ಕಣ್ಣ ಮುಂದೆ ಬರೀ ಧೂಳು. ಧೂಳಿನ ಆಚೆ ಗುರಿಯ ಹಲಗೆಯಲ್ಲಿ ನಡುವೆ ಒಂದು ತೂತು! ನಾನು ತುಳುವಿನಲ್ಲಿ ಏನೇನೋ ಕಿರುಚಿದೆ. ಎರಡನೆಯದು ತಾಗಿತು. ಮೂರನೆಯದೂ ತಾಗಿತು. ಡ್ರೈವರ್ ಮುಂದಿನಿಂದ ಹಾಡಲು ಶುರು ಮಾಡಿದ. "ಶಾಬಾಶ್ ಉಡುಪಿ," ಎಂದ ಉಸ್ತಾದರು, "ಇನ್ನು ದೋಸೆ ಹುಯ್ಯುವವರು ಯಾರು?" ಎಂದು ನಿಟ್ಟುಸಿರು ಬಿಟ್ಟರು.

ಪಾಸಾದ ಸುದ್ದಿಯನ್ನು ಅಮ್ಮನಿಗೆ ಫೋನಿನಲ್ಲಿ ಕಿರುಚಿಯೇ ಹೇಳಿದೆ. "ಹೌದಾ? ಒಳ್ಳೆದಾಯ್ತು ಮಗಾ," ಎಂದು ಇಟ್ಟುಬಿಟ್ಟಳು. ಗಿರಾಕಿ ಇರಬೇಕು ಎಂದುಕೊಂಡೆ.

ಮುಂದಿನ ರಜೆಯಲ್ಲಿ ಬಂದ ಮೊದಲ ಮಂಗಳವಾರವೇ ಅಮ್ಮ ನನ್ನನ್ನು ಕಾಪುವಿನ ಮಾರಿಗುಡಿಗೆ ಹೊರಡಿಸಿದಳು. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಸಾಲು ಉದ್ದ ಇತ್ತು. ನಾನು ಇನ್ನೂ ಆ ಮೂರು ಗುಂಡಿನ ಗುಂಗಿನಲ್ಲೇ ಇದ್ದವನು, ಅಮ್ಮನನ್ನು ಕೆಣಕಿದೆ.

"ನಾನು ಪಾಸಾಗಲಿ ಅಂತ ಹರಕೆ ಹೇಳಿದ್ದಿಯಾ?"

"ಅಲ್ಲ. ಫೇಲಾಗಲಿ ಅಂತ ಹೇಳಿದ್ದೆ."

ನಾನು ಜೋರಾಗಿ ನಕ್ಕೆ. ಮುಂದಿದ್ದವರು ತಿರುಗಿ ನೋಡಿದರು. ಅಮ್ಮ ನಗಲಿಲ್ಲ.

"ಅಡುಗೆಮನೆಯಲ್ಲಿ ಇರುತ್ತೀಯಲ್ಲ ಅಂತ ನನಗೆ ಸಮಾಧಾನ ಇತ್ತು. ನೀನು ಕ್ಯಾಂಟೀನಿನಲ್ಲಿ ಪೈಪು ಕಟ್ಟಿದ ದಿನವೇ ಇಲ್ಲಿಗೆ ಬಂದು ಹೇಳಿ ಹೋದೆ."

"ಹಾಗಾದರೆ ನನ್ನ ತಪ್ಪು ಯಾಕೆ ತೋರಿಸಿದೆ? ಸುಮ್ಮನೆ ಇದ್ದಿದ್ದರೆ ಸಾಕಿತ್ತಲ್ಲ!"

"ಅದು ಹೇಗೆ ಆಗುತ್ತದೆ? ಕಲಿಸು ಅಂತ ನೀನು ಕೇಳಿದ್ದು. ಕಲಿಸುವಾಗ ಮೋಸ ಮಾಡಲಿಕ್ಕೆ ಆಗುವುದಿಲ್ಲ," ಎಂದಳು, ನಾನು ಏನೋ ಅಸಂಬದ್ಧ ಕೇಳಿದೆನೇನೋ ಎಂಬಂತೆ.

ಸಾಲು ನಾಲ್ಕು ಹೆಜ್ಜೆ ಮುಂದೆ ಹೋಯಿತು. ನಾವೂ ಹೋದೆವು. ಹರಕೆ ಫಲಿಸಲಿಲ್ಲವಲ್ಲ, ಮತ್ತೆ ಈ ಹೂವು ಎಂತಕ್ಕೆ ಎಂದು ಕೇಳಿದೆ.

"ಇವತ್ತು ಬೇರೆ ಕೇಳಲಿಕ್ಕೆ ಉಂಟು," ಎಂದಳು ಅಮ್ಮ. "ಮೊದಲು ತಾಗುವುದು ನಿನ್ನ ಗುಂಡೇ ಆಗಲಿ ಅಂತ. ಆಚೆ ಬದಿಯ ಟ್ಯಾಂಕಿನಲ್ಲೂ ಒಬ್ಬ ಕಣ್ಣಿಟ್ಟು ಕೂತಿರುತ್ತಾನಲ್ಲ, ಮಗಾ."